ಕಲ್ಲಮ್ಮನ ಕಣ್ಣು

ಶಿವಮೊಗ್ಗದ ಗಾಂಧಿ ಬಜಾರಿನ ಕೊಟ್ರಬಸಪ್ಪನವರು ಸತ್ತವರ ಕಣ್ಣು ತೆರೆಸುವುದರಲ್ಲಿ ಎತ್ತಿದ ಕೈ. ಇದರಲ್ಲಿ ಮಾಟ ಮಂತ್ರ ಏನೂ ಇರಲಿಲ್ಲ. ಆ ಕಾಲಕ್ಕೆ ಬದುಕಿರುವವರು ಫೋಟೊ ತೆಗೆಸಿಕೊಳ್ಳುವುದು ಅಪರೂಪ. ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಗುಮಾನಿ. ಲಿಂಗೈಕ್ಯರಾದ ಮೇಲೆ ಆಯುಸ್ಸಿನ ಚಿಂತೆ ಇಲ್ಲವಲ್ಲ, ಆಗ ಫೋಟೊದವನಿಗೆ ಹೇಳಿಕಳಿಸುತ್ತಿದ್ದರು. ಲಿಂಗಾಯತರಲ್ಲಿ ಮಣ್ಣಿಗೆ ಹೋಗುವುದೂ ಕೂತುಕೊಂಡೇ. ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ ದೇಹದ ಫೋಟೊ ಚೆನ್ನಾಗಿಯೇ ಬರುತ್ತಿತ್ತು. ಅಲುಗಾಡುವ ಭಯವಿಲ್ಲ. ಕಣ್ಣು ಮಾತ್ರ ಮುಚ್ಚಿರುತ್ತಿತ್ತು. ಆ ಸಣ್ಣ ಫೋಟೊದ ಮೇಲೆ ಚೌಕ ಎಳೆದು, ದೊಡ್ಡ ಕಾಗದದ ಮೇಲೆ ದೊಡ್ಡ ಚೌಕ ಎಳೆದು, ಒಂದೊಂದೇ ಚೌಕವನ್ನು ಇದ್ದಿಲಿನಲ್ಲಿ ತುಂಬುತ್ತ ಬಂದು, ಕೊನೆಗೆ ಕಣ್ಣು ತೆರೆದಂತೆ ಬರೆದುಕೊಡುವುದು ಕೊಟ್ರಬಸಪ್ಪನವರ ಕಸುಬು.

ಯಾರ ಕಣ್ಣು ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ಎದುರಿನ ಕನ್ನಡಿ ನೋಡಿಕೊಂಡು ತಮ್ಮ ಕಣ್ಣನ್ನೇ ಬರೆಯುತ್ತಿದ್ದರು. ಹೀಗಾಗಿ ಅರ್ಧ ಶಿವಮೊಗ್ಗದ ನಡುಮನೆಗಳಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕತ್ತೆ ಎಲ್ಲರೂ ಕೊಟ್ರಬಸಪ್ಪನವರ ಕಣ್ಣಿನಿಂದಲೇ ಜಗತ್ತನ್ನು ನೋಡುತ್ತಿದ್ದರು. ಮನೆಯವರು "ಥೇಟ್ ನಮ್ಮಜ್ಜನೇ" ಎಂದು ಕಣ್ಣೊರೆಸಿಕೊಂಡು ಪಟ ತೆಗೆದುಕೊಂಡು ಹೋಗುತ್ತಿದ್ದರು. ಜನಕ್ಕೆ ಬೇಕಾದದ್ದು ತೆರೆದ ಕಣ್ಣು, ಯಾರದಾದರೇನು.

ಇವರ ಹತ್ತಿರ ಕಲಿಯಲು ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದವಳು ಮಹಾಂತಮ್ಮ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅವಳಿಗೆ ಹದಿನೇಳು. ತಂದೆ ಓಂಕಾರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೌಲ್ಡರ್. ಕರಗಿದ ಕಬ್ಬಿಣ ಹೊಯ್ಯಲು ಮರಳಿನಲ್ಲಿ ಅಚ್ಚು ಮಾಡುವ ಕೆಲಸ. ತಾಯಿ ಕಲ್ಲಮ್ಮ ತೀರಿಕೊಂಡಾಗ ಇವಳಿಗೆ ನಾಲ್ಕು ವರ್ಷ. ಮನೆಯಲ್ಲಿದ್ದ ಒಂದೇ ಫೋಟೊದಲ್ಲಿ ಕಲ್ಲಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು.

ಅವ್ವನ ಬಳೆಯ ಸದ್ದು ಮಹಾಂತಮ್ಮನಿಗೆ ನೆನಪಿತ್ತು. ತಲೆ ಬಾಚುವಾಗ ಜುಟ್ಟು ಎಳೆಯುತ್ತಿದ್ದದ್ದು ನೆನಪಿತ್ತು. ಕಣ್ಣು ನೆನಪಿರಲಿಲ್ಲ. ಹೆತ್ತ ತಾಯಿಯ ಕಣ್ಣು ಮರೆತ ಮಗಳು ಎಂಬ ಸಂಕಟ ಅವಳಿಗೆ ಊಟ ಮಾಡುವಾಗಲೂ ಬರುತ್ತಿತ್ತು. ಅವ್ವನ ಮುಖವನ್ನು ಅವ್ವನದೇ ಕಣ್ಣಿನಿಂದ ಒಂದು ಸಲ ಬರೆಯಬೇಕು, ಅಷ್ಟಕ್ಕೇ ಅವಳು ಪೆನ್ಸಿಲ್ಲು ಹಿಡಿದದ್ದು.

ಹುಡುಗಿ ಚೆನ್ನಾಗಿ ಕಲಿತಳು. ರೈಲು ಮಲವಗೊಪ್ಪ ದಾಟುವಷ್ಟರಲ್ಲಿ ಎದುರಿಗೆ ಕೂತವರ ಮುಖ ಬರೆದು ಮುಗಿಸುತ್ತಿದ್ದಳು. ಕೆಲವರು ಪೊಲೀಸಿನವಳೆಂದು ತಿಳಿದು ಜಾಗ ಬದಲಾಯಿಸಿದ್ದೂ ಉಂಟು. ಮುಖದ ಅಳತೆಯ ಕಟ್ಟಳೆಯನ್ನೆಲ್ಲ ಕೊಟ್ರಬಸಪ್ಪನವರು ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ. ಎರಡು ರೆಪ್ಪೆಯೂ ಒಂದೇ ಎತ್ತರ. ಇದನ್ನು ಮೀರಿದರೆ ಅದು ಮುಖವಲ್ಲ, ಮುಖವಾಡ.

ಎರಡನೇ ವರ್ಷ ಅವಳು ಅವ್ವನ ಫೋಟೊ ತಂದು ಗುರುಗಳ ಮುಂದಿಟ್ಟಳು.

"ಬಿಡು ತಾಯಿ, ನಾನೇ ಕಣ್ಣು ತೆರೆಸಿ ಕೊಡ್ತೀನಿ," ಅಂದರು ಕೊಟ್ರಬಸಪ್ಪ.

"ನಮ್ಮವ್ವನ ಮುಖಕ್ಕೆ ನಿಮ್ಮ ಕಣ್ಣು ಬೇಡ ಮೇಷ್ಟ್ರೇ."

ಕೊಟ್ರಬಸಪ್ಪನವರು ಕನ್ನಡಿ ನೋಡಿಕೊಂಡರು. "ಯಾಕೆ ಮಾರಾಯ್ತಿ? ಇಲ್ಲೀವರೆಗೆ ಎಲ್ರಿಗೂ ಹೊಂದಿಕೊಂಡಿದೆ," ಅಂದರು. ಬೇಸರವೇನೂ ಮಾಡಿಕೊಳ್ಳಲಿಲ್ಲ.

ಸರಿ, ನೋಡಿದವರನ್ನು ಕೇಳಬೇಕು. ಓಂಕಾರಪ್ಪನ ಅಕ್ಕ ಸುಭದ್ರಮ್ಮ ವರ್ಷಕ್ಕೆ ಎರಡು ಸಲ ತಮ್ಮನ ಮನೆಗೆ ಬಂದು ವಾರವಿದ್ದು ಹೋಗುವವಳು. ಮಹಾಂತಮ್ಮ ಅವಳನ್ನು ಕೇಳಿದಳು.

"ಕಮಲದ ಹೂವಿನ ಹಂಗಿದ್ವು ಕಣೇ ನಿಮ್ಮವ್ವನ ಕಣ್ಣು," ಅಂದಳು ಅತ್ತೆ. ಆಕೆ ಸತ್ತವರೆಲ್ಲರ ಕಣ್ಣಿಗೂ ಕಮಲವನ್ನೇ ಹೇಳುತ್ತಿದ್ದಳು. ಹಿಂದಿನ ವರ್ಷ ತೀರಿಕೊಂಡ ತನ್ನ ಮೈದುನನಿಗೂ ಅದನ್ನೇ ಹೇಳಿದ್ದಳು, ಆತನಿಗೋ ಒಂದು ಕಣ್ಣಿಗೆ ಪೊರೆ ಬಂದಿತ್ತು.

ಇನ್ನು ಉಳಿದವನು ಅಪ್ಪ.

"ಅವ್ವನ ಕಣ್ಣು ಹೆಂಗಿದ್ವಪ್ಪಾ?"

"ಹೆಂಗಿರ್ತಾವೆ? ಎರಡು ಇದ್ವು."

"ದೊಡ್ಡವಾ, ಸಣ್ಣವಾ?"

"ಮುಖಕ್ಕೆ ತಕ್ಕಂಗೆ."

ಓಂಕಾರಪ್ಪ ಇಡೀ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ಐದನ್ನು ಈಗಾಗಲೇ ಖರ್ಚು ಮಾಡಿದ್ದ. ಆದರೆ ಹೆಂಡತಿಯ ಮುಖ ಅವನ ತಲೆಯೊಳಗೆ ಇದ್ದೇ ಇದೆ, ಬಾಯಿಗೆ ಬರುತ್ತಿಲ್ಲ ಅಷ್ಟೇ ಎಂದು ಮಗಳಿಗೆ ಗೊತ್ತಿತ್ತು. ಬಾಯಿಗೆ ಬಾರದ್ದನ್ನು ಕೈಗೆ ತರಿಸಬೇಕು. ಅಪ್ಪನಿಗೆ ಚಿತ್ರ ಕಲಿಸುವುದೆಂದು ಅವಳು ತೀರ್ಮಾನ ಮಾಡಿದಳು.

ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದ ಮೇಲೆ, ಅರವತ್ತನೇ ಇಸವಿಯಲ್ಲಿ, ಅವಳು ಕಾರ್ಖಾನೆ ಕ್ವಾರ್ಟರ್ಸಿನ ತಮ್ಮ ಮನೆಯ ಜಗುಲಿಯ ಮೇಲೆ ಭಾನುವಾರದ ಕ್ಲಾಸು ಶುರು ಮಾಡಿದಳು. ದಿಂಬಿನ ಚೀಲಕ್ಕೆ ಹೂಬಳ್ಳಿ ಬರೆದುಕೊಳ್ಳಲು ಎದುರು ಮನೆಯ ಕರಿಬಸಮ್ಮ ಮತ್ತು ಅಕ್ಕಪಕ್ಕದ ನಾಲ್ಕು ಹೆಂಗಸರು ಬಂದರು. ಡ್ರಾಯಿಂಗ್ ಪರೀಕ್ಷೆ ಕಟ್ಟಬೇಕಿದ್ದ ಇಬ್ಬರು ಹುಡುಗರು ಬಂದರು. ಕೊನೆಯ ಸಾಲಿನಲ್ಲಿ, ಕಂಬಕ್ಕೆ ಒರಗಿ, ಓಂಕಾರಪ್ಪ.

"ಈ ವಯಸ್ಸಲ್ಲಿ ನಂಗ್ಯಾಕೆ ಮಾರಾಯ್ತಿ?" ಎಂದು ಅವನು ಮೊದಲ ದಿನ ಕೇಳಿದ್ದ.

"ಅವ್ವನ ಕಣ್ಣು ಬಾಯಲ್ಲಿ ಹೇಳೋಕೆ ನಿಂಗೆ ಬರಲ್ಲ. ಕೈಯಲ್ಲಿ ಹೇಳು," ಅಂದಿದ್ದಳು ಮಗಳು. ಅವನು ಪೆನ್ಸಿಲ್ಲು ತೆಗೆದುಕೊಂಡಿದ್ದ.

ಕ್ಲಾಸಿನಲ್ಲಿ ಅಪ್ಪ ಮಗಳು ಎಂಬುದಿಲ್ಲ ಎಂದು ಮಹಾಂತಮ್ಮ ಕಟ್ಟುನಿಟ್ಟು ಮಾಡಿದಳು. ಅವಳು ಅಪ್ಪನಿಗೆ ನೀವು ಎನ್ನುವಳು, ಅವನು ಅವಳಿಗೆ ಟೀಚರ್ ಎನ್ನುವನು. ಮಧ್ಯಾಹ್ನ ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಒಳಗೆ ಹೋಗಿ ಮತ್ತೆ ಅಪ್ಪ ಮಗಳಾಗಿ ಊಟಕ್ಕೆ ಕೂರುತ್ತಿದ್ದರು.

ಶಿಷ್ಯ ದಡ್ಡನೇನಲ್ಲ. ಲೋಟ ಬರೆಯಿರಿ ಎಂದರೆ ಎರಡು ಮಗ್ಗುಲೂ ಒಂದೇ ಸಮ ಬರುತ್ತಿತ್ತು. ಬಕೀಟು, ಬಿಂದಿಗೆ, ಲಾಟೀನು, ಎಲ್ಲವೂ ಅಷ್ಟೇ. ಮೂವತ್ತು ವರ್ಷ ಮರಳಿನ ಅಚ್ಚು ಮಾಡಿದವನು; ಅಚ್ಚಿನಲ್ಲಿ ಕೂದಲೆಳೆಯಷ್ಟು ಓರೆಯಾದರೆ ಹೊಯ್ದ ಕಬ್ಬಿಣವೆಲ್ಲ ಹಾಳು. ಮೂರನೇ ತಿಂಗಳು ಮುಖದ ಪಾಠ ಬಂತು. ಟೀಚರ್ ಲೆಕ್ಕ ಹೀಗಿತ್ತು: ಮೊದಲು ಯಾರದೂ ಅಲ್ಲದ ಕಣ್ಣು ಸರಿಯಾಗಿ ಬರಲಿ, ಕೈ ಪಳಗಲಿ, ಆಮೇಲೆ ಅವ್ವನ ಕಣ್ಣು ಕೇಳೋಣ.

ಕರಿಬಸಮ್ಮನಿಗೆ ಎರಡೇ ವಾರದಲ್ಲಿ ಕಣ್ಣು ಬಂತು. ಓಂಕಾರಪ್ಪನಿಗೆ ಬರಲಿಲ್ಲ. ಒಂದು ಕಣ್ಣು ಸರಿಯಾಗಿರುತ್ತಿತ್ತು, ಇನ್ನೊಂದರ ರೆಪ್ಪೆ ಚೂರು ಕೆಳಗಿಳಿದಿರುತ್ತಿತ್ತು.

"ಎರಡೂ ಸಮ ಇರಬೇಕು," ಎಂದು ಟೀಚರ್ ರಬ್ಬರು ತೆಗೆದುಕೊಂಡು ಅಳಿಸಿದಳು.

"ಆಯ್ತು ಟೀಚರ್," ಅಂದ ಓಂಕಾರಪ್ಪ.

ಮುಂದಿನ ಭಾನುವಾರ ರೆಪ್ಪೆ ಮತ್ತೆ ಕೆಳಗೆ. ಅವಳು ಮತ್ತೆ ಅಳಿಸಿದಳು. ಆಯ್ತು ಟೀಚರ್. ಅದರ ಮುಂದಿನ ವಾರವೂ ಅದೇ ಕತೆ. ಕಾಗದದ ನಡುವೆ ಗೆರೆ ಎಳೆದುಕೊಟ್ಟಳು, ಅಡ್ಡಗೆರೆ ಎಳೆದುಕೊಟ್ಟಳು, ಕೈ ಹಿಡಿದು ತಿದ್ದಿಸಿದಳು. ಕೈ ಬಿಟ್ಟ ಕೂಡಲೇ ರೆಪ್ಪೆ ಇಳಿಯುತ್ತಿತ್ತು. ಹದಿನಾಲ್ಕು ಭಾನುವಾರ ಹೀಗೇ ನಡೆಯಿತು. ಹದಿನೈದನೆಯದಕ್ಕೆ ಅವಳ ತಾಳ್ಮೆ ಕೆಟ್ಟಿತು.

"ಎರಡು ಕಣ್ಣು ಸಮ ಬರೆಯೋಕೆ ಇಷ್ಟು ದಿನ ಬೇಕಾ? ಕಾರ್ಖಾನೇಲಿ ಮೂವತ್ತು ವರ್ಷ ಏನು ಮಾಡಿದ್ರಿ?"

ಜಗುಲಿಯ ಮೇಲೆ ಎಲ್ಲರ ಪೆನ್ಸಿಲ್ಲೂ ನಿಂತಿತು. ಕರಿಬಸಮ್ಮ ತಲೆ ತಗ್ಗಿಸಿ ಹೂಬಳ್ಳಿಗೆ ಬೇಡದ ಎಲೆಗಳನ್ನು ಬರೆಯತೊಡಗಿದಳು. ಓಂಕಾರಪ್ಪ ಹೊಸ ಕಾಗದ ತೆಗೆದುಕೊಂಡು, ಎರಡು ನಿಮಿಷದಲ್ಲಿ ಎರಡು ಕಣ್ಣು ಬರೆದು ಮುಂದೆ ಇಟ್ಟ. ಅಚ್ಚಿನಲ್ಲಿ ಹೊಯ್ದಂತೆ ಸಮ. ಕಾಗದ ಮಡಚಿದರೆ ಒಂದರ ಮೇಲೊಂದು ಕೂರುವಷ್ಟು ಸಮ.

"ಇವು ಅವ್ವನ ಕಣ್ಣೇನಪ್ಪಾ?" ಕ್ಲಾಸಿನ ಕಟ್ಟುನಿಟ್ಟು ಮರೆತು ಕೇಳಿಬಿಟ್ಟಳು.

"ಟೀಚರ್ ಒಪ್ಪಿದ ಮೇಲೆ ಆಯ್ತಲ್ಲ," ಅಂದ ಅವನು.

ಅವಳು ಅದನ್ನು ಹೌದು ಎಂದು ತೆಗೆದುಕೊಂಡಳು. ಮನುಷ್ಯರು ತಮಗೆ ಬೇಕಾದ ಉತ್ತರವನ್ನು ತೆಗೆದುಕೊಳ್ಳುವ ರೀತಿಯೇ ಹೀಗೆ. ಎರಡು ವಾರ ಕೂತು, ಚೌಕ ಎಳೆದು, ಅವ್ವನ ಮುಖವನ್ನು ದೊಡ್ಡದು ಮಾಡಿ, ಆ ಕಣ್ಣುಗಳನ್ನು ಅದರಲ್ಲಿ ಇಟ್ಟಳು. ಶಿವಮೊಗ್ಗಕ್ಕೆ ಒಯ್ದು ತೋರಿಸಿದಳು. ಕೊಟ್ರಬಸಪ್ಪನವರು ಹತ್ತಿರದಿಂದ ನೋಡಿ, ದೂರದಿಂದ ನೋಡಿ, "ನಂಗಿಂತ ಚೆನ್ನಾಗಿ ತೆರೆಸಿದ್ದೀಯ," ಅಂದರು. ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಆ ವಾರ ಬಂದಿದ್ದ ಸುಭದ್ರಮ್ಮ "ನಾ ಹೇಳಿರಲಿಲ್ವಾ, ಕಮಲ" ಅಂದಳು.

ಅತ್ತೆ ಊರಿಗೆ ಹೋದ ಮಾರನೆಯ ಬೆಳಿಗ್ಗೆ, ಗೋಡೆಗೆ ಮೊಳೆ ಹೊಡೆಯುವ ಮುಂಚೆ, ಅವಳು ಪಟವನ್ನು ಅಪ್ಪನ ಮುಂದೆ ಹಿಡಿದಳು.

"ಚೆನ್ನಾಗೈತೆ," ಅಂದ ಓಂಕಾರಪ್ಪ.

"ಅವ್ವನ ಹಂಗಿದೆಯಾ?"

"ಚೆನ್ನಾಗೈತೆ ಅಂದ್ನಲ್ಲ." ಹೇಳಿ ಮೊಳೆ ಹುಡುಕಲು ಎದ್ದ.

ಬೇರೆ ಯಾರದೋ ಮನೆಯ ಮದುವೆ ಹೆಣ್ಣನ್ನು ನೋಡಿ ಹೇಳುವ ಮಾತಿನಂತಿತ್ತು ಅದು. ಮಹಾಂತಮ್ಮ ಪಟವನ್ನು ಕೆಳಗಿಟ್ಟಳು.

"ಅಪ್ಪಾ, ಕೂತ್ಕೋ. ನೀನು ಲೋಟ ಸಮ ಬರೀತೀಯ. ಬಿಂದಿಗೆ ಸಮ ಬರೀತೀಯ. ಅವತ್ತು ನಾನು ಬೈದಾಗ ಕಣ್ಣನ್ನೂ ಎರಡು ನಿಮಿಷದಲ್ಲಿ ಸಮ ಬರೆದೆ. ಮತ್ತೆ ಹದಿನಾಲ್ಕು ವಾರ ಯಾಕೆ ಬರೀಲಿಲ್ಲ?"

ಓಂಕಾರಪ್ಪ ಮೊಳೆಯನ್ನು ಅಂಗೈಯಲ್ಲಿ ಆಚೆ ಈಚೆ ಹೊರಳಿಸಿದ. ಆಮೇಲೆ ಅವನು ಆಡಿದ್ದು ಅವನ ಎರಡು ದಿನದ ಮಾತಿಗಿಂತ ಹೆಚ್ಚು.

"ನಿಮ್ಮವ್ವಂದು ಎಡಗಣ್ಣಿನ ರೆಪ್ಪೆ ಚೂರು ಇಳಿದಿತ್ತು. ಹುಟ್ಟಿದಾಗಿಂದ. ಮದುವೆ ದಿನ ನಮ್ಮಕ್ಕ ಎಲ್ರೆದುರಿಗೆ ಅರೆಗಣ್ಣಿ ಅಂತ ಆಡಿಕೊಂಡ್ಲು. ಅವತ್ತಿಂದ ಅವಳು ಫೋಟೊ ಅಂದ್ರೆ ಒಳಗೆ ಹೋಗಿ ಕೂತ್ಕಳೋಳು. ಜಪ್ಪಯ್ಯ ಅಂದ್ರೂ ಬರ್ತಿರಲಿಲ್ಲ."

"ಮತ್ತೆ ನೀನು ನಂಗೆ ಹೇಳಬಾರ್ದಾಗಿತ್ತಾ?"

"ಸತ್ತೋರ ಐಬು ಬಾಯಲ್ಲಿ ಆಡ್ತಾರಾ? ಕೈಯಲ್ಲಿ ಹೇಳು ಅಂದೆ, ಹೇಳ್ದೆ. ಟೀಚರ್ ತಪ್ಪು ಅಂದ್ರಿ."

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಟೀಚರ್ ತಪ್ಪೆಂದರೆ ತಪ್ಪು, ಅವನ ಮಟ್ಟಿಗೆ ಅಷ್ಟೇ.

ಮಹಾಂತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ಮುಖದ ಮೊದಲ ಪಾಠದ ದಿನವೇ ಬಂದಿದ್ದಳು. ಅಲ್ಲಿಂದ ಪ್ರತಿ ಭಾನುವಾರ ತಪ್ಪದೆ ಜಗುಲಿಗೆ ಬಂದಿದ್ದಳು. ಹೆತ್ತ ಮಗಳೇ ಅವಳನ್ನು ವಾರಕ್ಕೊಂದು ಸಲ ರಬ್ಬರು ಹಿಡಿದು ಅಳಿಸಿದ್ದಳು. ಅತ್ತೆಗಾದರೂ ಮದುವೆ ಮನೆಯ ಗಲಾಟೆಯಲ್ಲಿ ಬಾಯಿ ಜಾರಿತ್ತು ಎನ್ನಬಹುದು. ಇವಳು ಅಳತೆ ಹಿಡಿದು ಮಾಡಿದ್ದಳು.

ಅವಳು ಅಳಲಿಲ್ಲ. ಪಟವನ್ನು ಕಿಟಕಿಯ ಬೆಳಕಿಗೆ ಒಯ್ದು, ಎಡಗಣ್ಣನ್ನು ಪೂರ್ತಿ ಅಳಿಸಿದಳು. ಇದ್ದಿಲಿನ ಪೆನ್ಸಿಲ್ಲನ್ನು ಅಪ್ಪನ ಕೈಗೆ ಕೊಟ್ಟಳು.

"ನಂಗೆ ಇದ್ದಿಲಿನ ಕೆಲಸ ಬರಲ್ಲ. ನೀನೇ ಬರಿ. ನಾನು ಹೇಳ್ತೀನಿ," ಎಂದು ಅವನು ಪೆನ್ಸಿಲ್ಲನ್ನು ವಾಪಸು ಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಅವಳು ರೆಪ್ಪೆಯನ್ನು ಒಂದು ಎಳೆ ಇಳಿಸಿ ಬರೆದಳು.

"ಇನ್ನೂ ಇಳಿಸು."

ಇಳಿಸಿದಳು. ಮೂರು ವರ್ಷದ ಬಾಯಿಪಾಠ ಕೈಯನ್ನು ಮೇಲಕ್ಕೆ ಎಳೆಯುತ್ತಿತ್ತು.

"ಅಷ್ಟಲ್ಲ. ಹೊರಗಿನ ಮೂಲೆ ಹಂಗೇ ಇರ್ಲಿ. ನಡುವೆ ಮಾತ್ರ."

ನಡುವೆ ಇಳಿಸಿದಳು. ಓಂಕಾರಪ್ಪ ಅಚ್ಚು ನೋಡುವವನಂತೆ ತಲೆ ಓರೆ ಮಾಡಿ ನೋಡಿದ. ಒಂದು ಸಲ ಕೈ ಎತ್ತಿ, ಬೇಡವೆಂದು ಇಳಿಸಿದ.

"ಇನ್ನೊಂದು ಎಳೆ."

ಇನ್ನೊಂದು ಎಳೆ ಇಳಿಸಿದಳು. ಅವನು ತಡೆದ.

"ಸಾಕು," ಅಂದ. ಆಮೇಲೆ "ಬಂದ್ಲು," ಅಂದ.

ಮಹಾಂತಮ್ಮ ಪೆನ್ಸಿಲ್ಲು ಕೆಳಗಿಟ್ಟು ನೋಡಿದಳು. ಅವ್ವ ಒಂದು ಕಣ್ಣನ್ನು ಚೂರು ಇಳಿಸಿಕೊಂಡು, ತಲೆ ಬಾಚಿಸಿಕೊಳ್ಳಲು ಬಾ ಎನ್ನುವಂತೆ ಇವಳನ್ನೇ ನೋಡುತ್ತಿದ್ದಳು. ಈ ಕಣ್ಣು ಅವಳಿಗೆ ಗೊತ್ತಿತ್ತು. ಮರೆತಿರಲೇ ಇಲ್ಲ. ಇಪ್ಪತ್ತರ ವಯಸ್ಸಿನ ಡ್ರಾಯಿಂಗ್ ಟೀಚರ್ ಆಗ ನಾಲ್ಕು ವರ್ಷದವಳ ಹಾಗೆ ಬಾಯಿ ಬಿಟ್ಟು ಅತ್ತಳು. ಓಂಕಾರಪ್ಪ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವನು ಹೆಂಡತಿಯನ್ನು ನೋಡುತ್ತ ಕೂತಿದ್ದ.