ಉಳಿದ ಮೂರು ಹಾಡು

ಡೊಂಬಿವ್ಲಿಯಿಂದ ಬೆಳಗಿನ ಲೋಕಲ್ ಹಿಡಿದು ಠಾಣೆಗೆ ಹೋಗುವ ಹೆಣ್ಣಿಗೆ ಮೈಗೆ ಮೈ ತಾಗುವುದು ಹೊಸದೇನಲ್ಲ. ಮುಂದಿನವಳ ಜಡೆ ಬಾಯಿಗೆ ಬರುತ್ತದೆ, ಹಿಂದಿನವಳ ಡಬ್ಬಿ ಸೊಂಟಕ್ಕೆ ಒತ್ತುತ್ತದೆ, ಆದರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅಶ್ಮಿತಾಳಿಗೆ ಈ ಏರ್ಪಾಡು ಹೇಳಿ ಮಾಡಿಸಿದ ಹಾಗಿತ್ತು. ಇಪ್ಪತ್ತನಾಲ್ಕು ವರ್ಷ, ಎಂ.ಕಾಂ. ಆಗಿದೆ, ಠಾಣೆಯ ಒಂದು ಆಫೀಸಿನಲ್ಲಿ ಕೆಲಸವೂ ಇದೆ. ಆದರೆ ಎದುರಿಗಿರುವವರ ಕಣ್ಣಿಗೆ ಕಣ್ಣು ಕೊಡಬೇಕಾಗಿ ಬಂದರೆ ಕತ್ತು ತಾನಾಗಿ ಬಾಗಿಬಿಡುತ್ತಿತ್ತು.

ಅಂಥವಳು ಟ್ಯಾಂಗೋ ಕಲಿಯಲು ಹೊರಟದ್ದಕ್ಕೆ ಆಫೀಸಿನ ಕೆಲಸಕ್ಕೆ ಹೋದಾಗ ವಾಶಿ ಸ್ಟೇಷನ್ನಿನ ಹೊರಗೆ ಕಂಬದ ಮೇಲೆ ಕಂಡ ಒಂದು ಪೋಸ್ಟರ್ ಕಾರಣ. ಚಿತ್ರದಲ್ಲಿದ್ದ ಹೆಂಗಸು ಒಬ್ಬ ಗಂಡಸಿನ ಭುಜಕ್ಕೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದ್ದಳು. ಅಷ್ಟು ಜನರ ನಡುವೆ, ಕಣ್ಣು ಮುಚ್ಚಿ! ಹಾಗೂ ಒಂದು ನೃತ್ಯ ಉಂಟೇ ಎಂದು ಅಶ್ಮಿತಾ ಆ ಕಂಬದ ಮುಂದೆ ಎರಡು ಟ್ರೇನ್ ಬಿಟ್ಟು ನಿಂತಿದ್ದಳು.

ಮುಂದಿನ ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘನ್ಸೋಲಿ, ತುರ್ಭೆ ದಾಟಿ ವಾಶಿಗೆ ಬಂದಳು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್. ಕಲಿಸುವ ಯತಿನ್ ಸರ್ ಅವಳ ಬೆನ್ನಿಗೆ ಕೈಯಿಟ್ಟು, ಎದೆ ಎದುರು ನಿಂತು, "ಬಸ್, ಚಲ್‌ನಾ ಹೈ", ನಡೆದರಾಯಿತು ಅಷ್ಟೇ, ಎಂದಾಗ ಜೀವ ಬಾಯಿಗೆ ಬಂದಿತ್ತು. ಓಡಿಹೋಗದೇ ಇದ್ದದ್ದು ಧೈರ್ಯದಿಂದಲ್ಲ, ಬಾಗಿಲು ದೂರವಿತ್ತು ಅಷ್ಟೇ.

ಮನೆಯಲ್ಲಿ ಬರೀ "ಕ್ಲಾಸ್" ಅಂದಿದ್ದಳು. ಬ್ಯಾಂಕ್ ಪರೀಕ್ಷೆಯದ್ದು ಎಂದು ಅಮ್ಮ ಜಯಲತಾ ತಾವೇ ತಿಳಿದುಕೊಂಡರು. ತಿಂಗಳು ಕಳೆದ ಮೇಲೆ ಮಗಳು ಬಿಸಿನೀರಲ್ಲಿ ಕಾಲಿಟ್ಟು ಕೂತದ್ದನ್ನು ನೋಡಿ, "ಕಾಲು ನೋಯುವಂಥ ಬ್ಯಾಂಕ್ ಕ್ಲಾಸ್ ಎಂಥದ್ದು ಮಾರಾಯ್ತಿ? ನಿಲ್ಲಿಸಿ ಪಾಠ ಮಾಡ್ತಾರಾ?" ಎಂದು ಕೇಳಿದ್ದರು.

ಕ್ಲಾಸಿನಲ್ಲಿ ಕಷ್ಟವಿರಲಿಲ್ಲ. ಒಂದು ಹಾಡು ಮುಗಿದರೆ ಸರ್ ಚಪ್ಪಾಳೆ ತಟ್ಟುವರು. ಕೈ ಬಿಟ್ಟು, ಮುಂದಿನವರ ಹತ್ತಿರ ಸರಿದರಾಯಿತು. ಆ ನೃತ್ಯದ ಮೂಲ ಎಂಟು ಹೆಜ್ಜೆಯನ್ನು ಅವಳು ಮನಸ್ಸಿನಲ್ಲೇ ಎಣಿಸುತ್ತ ಇಡುತ್ತಿದ್ದಳು. ನೆಲವನ್ನೇ ನೋಡುತ್ತಿದ್ದುದರಿಂದ ಅಲ್ಲಿಯವರೆಲ್ಲ ಬೂಟಿನಿಂದ ಪರಿಚಯ: ಯತಿನ್ ಸರ್‌ದು ಬಿಳಿ ಕಪ್ಪು, ಎಲ್ಲರಿಗೂ ಬುದ್ಧಿ ಹೇಳುವ ಹೆಂಗಸಿನದ್ದು ಕೆಂಪು ಹೀಲ್ಸ್. ಇನ್ನೊಂದು ಜೋಡಿ ಕಪ್ಪು ಬೂಟು, ಮೂರು ಕಡೆ ಹೊಲಿಗೆ ಹಾಕಿದ್ದು, ಗಂಡಸರು ಕಡಿಮೆ ಬಿದ್ದ ದಿನ ಮಾತ್ರ ಮೂಲೆಯಿಂದೆದ್ದು ಬರುತ್ತಿತ್ತು. ಆ ಬೂಟಿನ ಎದುರು ತನ್ನ ಹೆಜ್ಜೆ ಒಮ್ಮೆಯೂ ತಪ್ಪಲಿಲ್ಲವೆಂದು ಅವಳು ಡೈರಿಯಲ್ಲಿ ಬರೆದುಕೊಂಡಿದ್ದಳು. ಬೂಟಿನ ಮೇಲೆ ಒಂದು ಮುಖ ಇರುತ್ತದೆಂಬುದು ನೆನಪಿರಲಿಲ್ಲ.

ಆದರೆ ಕ್ಲಾಸ್ ಬೇರೆ, ಮಿಲೋಂಗಾ ಬೇರೆ. ತಿಂಗಳಿಗೊಂದು ಭಾನುವಾರ ಸಂಜೆ ಕಲಿತವರೆಲ್ಲ ಸೇರಿ ಕುಣಿಯುವ ಕೂಟ ಅದು. ಅಲ್ಲಿ ಬಾಯಿಬಿಟ್ಟು ಕರೆಯುವ ಹಾಗಿಲ್ಲ. ಬೇಕಾದವರನ್ನು ದೂರದಿಂದ ನೋಡಬೇಕು. ಅವರೂ ನೋಡಿದರೆ ತಲೆ ಆಡಿಸಬೇಕು. ಒಲ್ಲದವರು ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಕಣ್ಣು ಮುಚ್ಚಿ ಕುಣಿಯಬೇಕಾದರೆ ಮೊದಲು ಕಣ್ಣು ತೆರೆದು ಕರೆಯಬೇಕು ಎಂಬುದನ್ನು ಪೋಸ್ಟರಿನ ಹೆಂಗಸು ಹೇಳಿರಲಿಲ್ಲ. ಎರಡು ಕೂಟಗಳಲ್ಲಿ ಅಶ್ಮಿತಾ ಕುರ್ಚಿಯ ಮೇಲೆ ಕೂತು, ನೆಲ ನೋಡಿ, ಎದ್ದು ಬಂದಳು. ಮೂರನೆಯದಕ್ಕೆ ಹೊರಡುವಾಗ ನಿಶ್ಚಯಿಸಿದಳು: ಇವತ್ತೂ ಹೀಗೇ ಆದರೆ ಇನ್ನು ವಾಶಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಆ ಸಂಜೆ ಒಂದು ಗಂಟೆ ಹಾಗೇ ಹೋಯಿತು. ಚಪ್ಪಲಿಯ ಪಟ್ಟಿ ಸರಿಮಾಡಿ ತಲೆಯೆತ್ತಿದ್ದೇ ತಪ್ಪಾಯಿತೋ ಸರಿಯಾಯಿತೋ, ನೋಟ ನೇರ ಎದುರು ಗೋಡೆಗೆ ಒರಗಿ ನಿಂತಿದ್ದ ಯಾರದೋ ನೋಟಕ್ಕೆ ತಾಗಿತು. ಆತ ತಲೆಯಾಡಿಸಿದ. ಬೆಚ್ಚಿದ ಇವಳ ತಲೆಯೂ ಆಡಿತು. ಮರುಗಳಿಗೆ ಕಣ್ಣು ನೆಲಕ್ಕಿಳಿಯಿತು. ನೆಲದ ಮೇಲೆ ಮೂರು ಹೊಲಿಗೆಯ ಕಪ್ಪು ಬೂಟು ಅವಳ ಕಡೆಗೆ ನಡೆದುಬರುತ್ತಿತ್ತು.

ಕುಣಿಯಲು ನಿಂತಾಗ ಆತನ ಕೈಯಲ್ಲಿ ಸಾಬೂನಿನ ವಾಸನೆ ಬಂತು. ಅಂಗೈ ಉಜ್ಜುಕಾಗದದ ಹಾಗಿದ್ದರೂ ಹಿಡಿತ ಹಕ್ಕಿಯ ಮೊಟ್ಟೆ ಹಿಡಿದಷ್ಟು ಹಗುರ. ಅಶ್ಮಿತಾ ಕಣ್ಣು ಮುಚ್ಚಿದಳು. ನೆಲ ಮಾಯವಾಯಿತು, ಕುರ್ಚಿಗಳು ಮಾಯವಾದವು. ಮೂರು ತಿಂಗಳು ಕಾದದ್ದು ಇದಕ್ಕೇ ಅನ್ನಿಸುವಷ್ಟರಲ್ಲಿ ಕಿವಿಯ ಹತ್ತಿರ ಒಂದು ಸಣ್ಣ ದನಿ ಹೇಳಿತು:

"ಎಣಸಬ್ಯಾಡ್ರಿ ಮೇಡಂ. ಎಂಟು ಆದ್ಮ್ಯಾಲ ನಾನೇ ನಿಲ್ಲಸ್ತೀನಿ."

ಕನ್ನಡ!

ಅವಳ ಬೆನ್ನು ಹಲಗೆಯಾಯಿತು. ಮನಸ್ಸಿನಲ್ಲೇ ಎಣಿಸುತ್ತೇನೆ ಅಂದುಕೊಂಡದ್ದು ಇಷ್ಟು ದಿನವೂ ತುಟಿಯಿಂದ ಹೊರಗೆ ಬೀಳುತ್ತಿತ್ತೇ? ಈತ ಯಾರು? ಡೊಂಬಿವ್ಲಿಯ ಕನ್ನಡ ಸಂಘದವರಿಗೆ ಗೊತ್ತಿರುವವನೇ? ನಾಳೆ ಅಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ನಿಮ್ಮ ಮಗಳು ಚಂದ ಕುಣೀತಾಳ್ರಿ" ಅಂದುಬಿಟ್ಟರೆ? ಹಾಡು ಮುಗಿಯಿತು. ಕ್ಲಾಸಿನಲ್ಲಿ ಮಾಡುವ ಹಾಗೆಯೇ ಕೈ ಬಿಟ್ಟು, ತಿರುಗಿ, ದಡದಡನೆ ನಡೆದು ಬಂದು ಕುರ್ಚಿಯಲ್ಲಿ ಕೂತಳು.

ಎರಡನೆಯ ಹಾಡು ಶುರುವಾಯಿತು. ಆದರೆ ಯಾಕೋ ಹೆಜ್ಜೆಗಳ ಸದ್ದು ಕೇಳಿಸಲಿಲ್ಲ. ತಲೆಯೆತ್ತಿದರೆ ಜೋಡಿಗಳೆಲ್ಲ ನಿಂತಲ್ಲೇ ನಿಂತಿದ್ದರು. ಹಾಲ್‌ನ ನಟ್ಟನಡುವೆ ಕಪ್ಪು ಬೂಟು ಒಂಟಿಯಾಗಿತ್ತು. ಯತಿನ್ ಸರ್ ಓಡಿ ಹೋಗಿ ಹಾಡು ನಿಲ್ಲಿಸಿದರು.

ಕೆಂಪು ಹೀಲ್ಸ್ ಟಕಟಕನೆ ಬಂತು. ಒಂದು ಕೈ ಅಶ್ಮಿತಾಳ ಭುಜದ ಮೇಲೆ ಬಿತ್ತು. "ಡರೋ ಮತ್. ಉಸ್‌ನೆ ಕುಛ್ ಕಿಯಾ ಕ್ಯಾ?"

ಏನು ಮಾಡಿದ? ಯಾರು? ಅಶ್ಮಿತಾಳಿಗೆ ಅರ್ಥವಾಗಲಿಲ್ಲ. ಯತಿನ್ ಸರ್ ಎದುರು ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಬಿಡಿಸಿ ಹೇಳಿದರು. ಕ್ಲಾಸಿನಲ್ಲಿ ಹಾಡಿಗೊಬ್ಬರು. ಇಲ್ಲಿ ಹಾಗಲ್ಲ, ಒಮ್ಮೆ ಜೊತೆಯಾದರೆ ನಾಲ್ಕು ಹಾಡು ಜೊತೆಗಿರಬೇಕು. ನಡುವೆ ಬಿಟ್ಟು ಬರುವುದೆಂದರೆ ಗಂಡಸು ಏನೋ ಅತಿರೇಕ ಮಾಡಿದ ಅಂತಲೇ ಲೆಕ್ಕ. "ಬೋಲೋ, ಕ್ಯಾ ಹುವಾ?"

ಅಶ್ಮಿತಾ ಬಾಯಿ ತೆರೆದಳು. ಇಲ್ಲ ಎಂಬ ಎರಡಕ್ಷರ ಹೊರಡುವುದರೊಳಗೆ ಹಿಂದಿನಿಂದ ಯಾರೋ, ಝಾಡೂವಾಲಿಯ ತಮ್ಮನನ್ನು ಒಳಗೆ ಸೇರಿಸಿದರೆ ಇನ್ನೇನಾಗುತ್ತದೆ, ನಾನು ಮೊದಲೇ ಹೇಳಿದ್ದೆ ಎಂದು ಮರಾಠಿಯಲ್ಲಿ ಗೊಣಗಿದರು. ಅವಳ ಮೌನವನ್ನು ಎಲ್ಲರೂ ಹೌದು ಎಂದು ಓದಿಕೊಂಡರು. ಕಪ್ಪು ಬೂಟು ಮೆಲ್ಲಗೆ ಬಾಗಿಲ ಕಡೆ ನಡೆಯಿತು.

ಬಾಗಿಲ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದವಳು ಭೀಮಮ್ಮ, ಹಾಲ್ ಗುಡಿಸಿ ಒರೆಸುವಾಕೆ. ಅವಳು ಬಕೆಟ್ ಕೆಳಗಿಟ್ಟು ನೇರವಾಗಿ ಅಶ್ಮಿತಾಳ ಹತ್ತಿರ ಬಂದಳು.

"ಯಕ್ಕಾ, ನೀವು ಕನ್ನಡದಾಗ ಎಣಸೋದು ನಾನೂ ಕೇಳೀನಿ. ಅದಕ್ಕ ಕನ್ನಡದಾಗೇ ಕೇಳ್ತೀನಿ. ಏನಂದ ನಮ್ಮ ಗುರುನಾಥ?" ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಕಳಂಬೋಲಿ ಕಬ್ಬಿಣ ಮಾರ್ಕೆಟ್‌ನಾಗ ಹೈಡ್ರಾ ಕ್ರೇನ್ ಓಡಸ್ತಾನ. ಭಾನುವಾರ ನನ್ನ ಕರಕೊಂಡು ಹೋಗಾಕ ಬಂದು ಮೆಟ್ಟಲ ಮ್ಯಾಲ ಕೂಡಾಂವ. ಸರ್ರೇ ಒಳಗ ಕರದ್ರು. ಮನ್ಯಾಗ ಕಸಬರಿಗಿ ಹಿಡಕೊಂಡು ಪ್ರಾಕ್ಟೀಸ್ ಮಾಡ್ತಾನ್ರಿ ಹುಚ್ಚ! ಇವತ್ತ ಮೊದಲನೇ ಸಲ ಇಲ್ಲಿ ಒಬ್ಬರ ಕಡಿ ಕಣ್ಣೆತ್ತಿ ನೋಡ್ಯಾನ. ಗ್ರೀಸ್ ವಾಸನಿ ಬರಬಾರದಂತ ಮೂರು ಸಲ ಸಾಬೂನು ಹಚ್ಚಿ ಕೈ ತೊಳಕೊಂಡು ಬಂದಾನ. ಅಂಥಾಂವ ಏನು ಮಾಡಿದ? ಹೇಳ್ರಿ, ನಾನೇ ಅವನ ಕಪಾಳಕ್ಕ ಬಾರಸ್ತೀನಿ."

ಮೂರು ಸಲ ಸಾಬೂನು. ಅಶ್ಮಿತಾಳ ಮೂಗಿನಲ್ಲಿ ಆ ವಾಸನೆ ಇನ್ನೂ ಇತ್ತು. ಬಾಗಿಲ ಹತ್ತಿರ ಗುರುನಾಥ ಬೆಂಚಿನ ಮೇಲೆ ಕೂತು ಬಗ್ಗಿ ಒಂದು ಬೂಟಿನ ಲೇಸ್ ಬಿಚ್ಚುತ್ತಿದ್ದ. ಅದನ್ನು ಬಿಚ್ಚಿ, ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟನೆಂದರೆ ಮತ್ತೆ ಬರುವವನಲ್ಲ. ಬಂದರೂ ಇವರು ಒಳಗೆ ಬಿಡುವುದಿಲ್ಲ. ಅಕ್ಕನ ಕೆಲಸವೂ ಉಳಿಯುತ್ತದೋ ಇಲ್ಲವೋ. ಇದೆಲ್ಲ ತಾನು ಕುರ್ಚಿಗೆ ಬಂದು ಕೂತದ್ದಕ್ಕೆ! ಒಂದು ಕುರ್ಚಿಗೆ!

ಎರಡನೆಯ ಬೂಟಿನ ಲೇಸಿಗೆ ಅವನ ಕೈ ಹೋಯಿತು.

"ಅವರು ಎಂಥದೂ ಮಾಡ್ಲಿಲ್ಲ!"

ಯಾರೋ ಕಿರುಚಿದರು. ಯಾರೆಂದು ಅಶ್ಮಿತಾಳೂ ಎಲ್ಲರ ಹಾಗೆ ಅತ್ತಿತ್ತ ನೋಡಿದಳು. ತಾನು ಕುರ್ಚಿ ಬಿಟ್ಟು ಎದ್ದು ನಿಂತದ್ದು, ದನಿ ತನ್ನದೇ ಎಂಬುದು ಆಮೇಲೆ ತಿಳಿಯಿತು. ಹುಟ್ಟಿದಂದಿನಿಂದ ಅಷ್ಟು ದೊಡ್ಡ ದನಿ ಆ ಗಂಟಲಿನಿಂದ ಬಂದಿರಲಿಲ್ಲ. ನಿಲ್ಲಿಸಲೂ ಆಗಲಿಲ್ಲ.

"ಅವರದ್ದು ಏನೂ ತಪ್ಪಿಲ್ಲ. ನಂಗೇ ಗೊತ್ತಿರ್ಲಿಲ್ಲ, ನಾನು ಕ್ಲಾಸಿನ ಹಾಗೆ ಅಂತ ಬಂದು ಕೂತೆ. ಅವರು ಎಣಿಸ್ಬೇಡಿ ಅಂದ್ರು, ಅಷ್ಟೇ ಹೇಳಿದ್ದು ಅವರು!" ಅರ್ಥವಾದದ್ದು ಇಬ್ಬರಿಗೇ ಎಂದು ಹೊಳೆದು, ಕೆಂಪು ಹೀಲ್ಸಿನ ಕಡೆ ತಿರುಗಿ, "ಗಲ್ತಿ ಮೇರಿ ಹೈ. ಸಿರ್ಫ್ ಮೇರಿ," ಎಂದಳು. ಆ ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗೊಣಗಿದವರು ಯಾರೋ, ಈಗ ಕೆಮ್ಮಿದರು.

"ಗುರುನಾಥ ಅವ್ರೇ," ಎಂದಳು ಅಶ್ಮಿತಾ ಬಾಗಿಲ ಕಡೆಗೆ, "ಇನ್ನೂ ಮೂರು ಹಾಡು ಉಂಟಲ್ಲ? ಬನ್ನಿ."

ಲೇಸ್ ಹಿಡಿದ ಕೈ ನಿಂತಿತು. ತಲೆ ಮಾತ್ರ ಏಳಲಿಲ್ಲ.

"ಇಲ್ಲಿ ಬಾಯಿಲೆ ಕರೆಯಂಗಿಲ್ರಿ ಮೇಡಂ," ಎಂದ ಗುರುನಾಥ, ಬೂಟಿಗೇ ಹೇಳುವವನಂತೆ. "ರೂಲ್ ಅದ."

ಭೀಮಮ್ಮ, "ಅಲ್ಲೋ, ಕರದ್ರ ಹೋಗೂದು ಬಿಟ್ಟು ರೂಲ್ ಹೇಳ್ಲತ್ತಾನ ಸಾಹೇಬ!" ಎಂದು ಕಣ್ಣೊರೆಸಿಕೊಂಡಳು.

ರೂಲ್ ಹೌದು. ಅಶ್ಮಿತಾ ಬಾಯಿ ಮುಚ್ಚಿದಳು. ಅಲ್ಲಿದ್ದ ಅಷ್ಟೂ ಜನ ನೋಡುತ್ತಿರುವಾಗ ಆ ಬಗ್ಗಿದ ತಲೆಯನ್ನೇ ನೋಡುತ್ತ ನಿಂತಳು. ಕತ್ತು ಬಾಗಲು ಹವಣಿಸಿತು, ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಹಾಲ್ ಅಲುಗಾಡಿತು, ರೆಪ್ಪೆ ಮಿಟುಕಿಸಲಿಲ್ಲ. ಬರಬಹುದು, ಬರದೆಯೂ ಇರಬಹುದು. ಕಣ್ಣು ತಿರುಗಿಸುವುದು ಅವನ ಹಕ್ಕು, ಅದೂ ರೂಲೇ. ಕೆಳಗಿನ ಹಾರ್ಡ್‌ವೇರ್ ಅಂಗಡಿಯವನು ಶಟರ್ ಎಳೆದ ಸದ್ದು ಕೇಳಿಸಿತು.

ಗುರುನಾಥ ತಲೆಯೆತ್ತಿದ.

ಅಶ್ಮಿತಾ ಮತ್ತೊಮ್ಮೆ ಬೆಚ್ಚಿದಳು. ಮೂರು ತಿಂಗಳು ಯಾರ ಎದುರು ಹೆಜ್ಜೆ ತಪ್ಪಲಿಲ್ಲವೋ ಆ ಮನುಷ್ಯನ ಮುಖವನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ, ನಿದ್ದೆಗೆಟ್ಟ ಕಣ್ಣು, ಮತ್ತು ತನ್ನಷ್ಟೇ, ಅಥವಾ ತನಗಿಂತ ಒಂದು ಕೈ ಹೆಚ್ಚೇ ಹೆದರಿದ ಮುಖ. ಅವಳು ತಲೆಯಾಡಿಸಿದಳು. ಗುರುನಾಥ ಅಕ್ಕನ ಕಡೆ ನೋಡಿದ, ಯತಿನ್ ಸರ್ ಕಡೆ ನೋಡಿದ, ಮತ್ತೆ ಇವಳ ಕಡೆ. ಗದ್ದ ಒಂದು ನೂಲಿನಷ್ಟು ಕೆಳಗಿಳಿಯಿತು. ಬಗ್ಗಿ, ಬಿಚ್ಚಿದ ಲೇಸನ್ನು ಮತ್ತೆ ಕಟ್ಟತೊಡಗಿದ.

ಯತಿನ್ ಸರ್ ಎರಡನೆಯ ಹಾಡನ್ನು ಮೊದಲಿನಿಂದ ಹಾಕಿದರು. ಬೇರೆ ಯಾವ ಜೋಡಿಯೂ ಇಳಿಯಲಿಲ್ಲ. ಖಾಲಿ ನೆಲದ ನಡುವೆ ಅವರಿಬ್ಬರೇ ನಿಂತಾಗ ಗುರುನಾಥನ ಕೈ ಅವಳ ಬೆನ್ನಿನಿಂದ ಒಂದು ಅಂಗುಲ ದೂರದಲ್ಲೇ ನಿಂತಿತ್ತು, ತಾಗಲು ಧೈರ್ಯವಿಲ್ಲದೆ. ಅಶ್ಮಿತಾ ಹಿಂದಕ್ಕೆ ಸರಿದು ಬೆನ್ನನ್ನು ಆ ಕೈಗೆ ಕೊಟ್ಟಳು.

"ಎಣಿಸೂದಿಲ್ಲ ನಾನು," ಎಂದಳು ಮೆಲ್ಲಗೆ.

"ಎಣಸ್ರಿ ಮೇಡಂ," ಎಂದ ಗುರುನಾಥ. "ಜೋರಾಗೇ ಎಣಸ್ರಿ. ಎಲ್ಲಾರಿಗೂ ಕೇಳ್ಲಿ."

ಅಶ್ಮಿತಾ ಕಣ್ಣು ಮುಚ್ಚಲಿಲ್ಲ. ಗೋಡೆಗಂಟಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಹಾಲ್‌ನ ಕೊನೆಯ ಕುರ್ಚಿಗೂ ಕೇಳುವ ಹಾಗೆ, ಒಂದರಿಂದ ಶುರುಮಾಡಿದಳು.