ಮಶೀನಿನ ಬುಧವಾರ

ಅದಿರು ಕಂಪನಿಯ ಆಫೀಸಿನಲ್ಲಿ ರಾಮಾಂಜಿನಿಯ ಕೋಣೆಗೆ ಕಿಟಕಿಯೊಂದು ಇತ್ತು, ಆದರೆ ಅದನ್ನು ಯಾರೂ ತೆರೆದವರಿಲ್ಲ. ಸಂಡೂರು ರಸ್ತೆಯ ಕೆಂಪು ಧೂಳು ಒಳಗೆ ಬಂದರೆ ಯುನಿಕ್ಸ್ ಎಂಬ ದೊಡ್ಡ ಕಂಪ್ಯೂಟರ್ ಮಶೀನು ಕೆಡುತ್ತದೆಂದು ಅದರ ಸಂದುಗಳಿಗೆಲ್ಲ ಟೇಪು ಅಂಟಿಸಿ, ಮೇಲೆ ದಪ್ಪ ಪರದೆ ಎಳೆದಿದ್ದರು. ಮಶೀನಿಗೆ ಎಸಿ, ಮಶೀನಿಗೆ ಪರದೆ, ಅದನ್ನು ನೋಡಿಕೊಳ್ಳುವ ಮನುಷ್ಯನಿಗೆ ಒಂದು ಕುಂಟು ಕುರ್ಚಿ. ಹೊಸಪೇಟೆಯಲ್ಲಿ ಅದು ಅದಿರಿನ ಕಾಲ. ನಿನ್ನೆ ಸೈಕಲ್ ತುಳಿದವನು ಇಂದು ಕಾರಿನಲ್ಲಿ ಬರುತ್ತಿದ್ದ. ಊರಿಗೆ ಊರೇ ಮೊಬೈಲ್ ಹಿಡಿದು ಓಡಾಡುತ್ತಿದ್ದರೂ ರಾಮಾಂಜಿನಿ ಕೊಂಡಿರಲಿಲ್ಲ. ನನಗೆ ಯಾರು ಫೋನ್ ಮಾಡುತ್ತಾರೆ ಎನ್ನುತ್ತಿದ್ದ. ಹೆಂಡತಿಯೊಬ್ಬಳು ಮಾಡುತ್ತಿದ್ದಳೇನೋ, ಅವಳು ಮುನಿಸಿಕೊಂಡು ಕಂಪ್ಲಿಯ ತವರಿಗೆ ಹೋಗಿ ಕೂತಿದ್ದಳು.

ಸುಮಂಗಲಾ ಸುಮ್ಮಸುಮ್ಮನೆ ಹೋದವಳಲ್ಲ. ಗಂಡ ತನ್ನ ಜೊತೆ ಆಡಿದ ಮಾತಿಗಿಂತ ಮಶೀನಿನ ಜೊತೆ ಆಡಿದ್ದೇ ಹೆಚ್ಚು ಎಂಬುದು ಅವಳ ದೂರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಭಾನುವಾರ ಅವನು ಕರೆಯಲು ಹೋದಾಗ ಬಾಗಿಲಲ್ಲೇ ನಿಂತು ಹೇಳಿದ್ದಳು.

"ಗುರುವಾರ ನಾಕು ಗಂಟೆಗೆ ಇಲ್ಲೇ ಬಸ್ ಸ್ಟ್ಯಾಂಡಿಗೆ ಬರ್ರಿ. ನಾ ಕುಂತಿರ್ತೀನಿ. ನೀವು ಬಂದ್ರ ನಿಮ್ಮ ಜೋಡಿ ಬರ್ತೀನಿ. ಬರ್ಲಿಲ್ಲಂದ್ರ ಮತ್ತ ಕರಿಯಾಕ ಬರಾದು ಬ್ಯಾಡ."

ಖಂಡಿತ ಬರುತ್ತೇನೆಂದು ಮಾತು ಕೊಟ್ಟ. ಮನೆಗೆ ಬಂದು, ಅವಳಿಲ್ಲದ ಅಡುಗೆಮನೆಯಲ್ಲಿ ಒಬ್ಬನೇ ಚಹಾ ಕುಡಿಯುವಾಗ ಆ ಮಾತನ್ನು ಇನ್ನೊಮ್ಮೆ ತನಗೇ ಕೊಟ್ಟುಕೊಂಡ.

ಅಷ್ಟರಲ್ಲಿ ಕಂಪೈಲ್ ಕೆಲಸ ಗಂಟುಬಿತ್ತು. ಅದಿರು ಕಂಪನಿಗೆ ಹೊಸ ವರದಿಗಳು ಬೇಕಿದ್ದವು, ಅದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬೇಕಿತ್ತು, ಅದು ಆ ಮಶೀನಿನಲ್ಲಿ ಇರಲಿಲ್ಲ. ಭಾಷೆಯ ಮೂಲ ಬರಹ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತಿತ್ತು. ಅದನ್ನು ಕಂಪೈಲರಿಗೆ ಹಾಕಿದರೆ ಮಶೀನಿಗೆ ಅರ್ಥವಾಗುವ ಹಾಗೆ ಮಾಡಿಕೊಡುತ್ತದೆ, ಮಿಲ್ಲಿಗೆ ಭತ್ತ ಹಾಕಿ ಅಕ್ಕಿ ತೆಗೆದ ಹಾಗೆ. ಆದರೆ ಅಷ್ಟು ಬೆಲೆಬಾಳುವ ಮಶೀನಿನ ಜೊತೆ ಬಂದಿದ್ದ ಕಂಪೈಲರು ಹೆಸರಿಗಷ್ಟೇ ಕಂಪೈಲರು. ಒಳ್ಳೆಯದು ಬೇಕಿದ್ದರೆ ಬೇರೆ ಕೊಳ್ಳಬೇಕು. ಎಲ್ಲೋ ಯಾರೋ ಪುಣ್ಯಾತ್ಮ ಸಿದ್ಧಮಾಡಿ ಬಿಟ್ಟಿದ್ದ ಬಿಟ್ಟಿ ಕಂಪೈಲರನ್ನು ರಾಮಾಂಜಿನಿ ಹುಡುಕಿ ತಂದು, ಮಂಗಳವಾರ ಶುರುಮಾಡಿದ.

ಒಂದು ಫೈಲು ದಾಟಿದರೆ ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತಿದ್ದುವುದು, ಮತ್ತೆ ಓಡಿಸುವುದು, ಮತ್ತೆ ತಿದ್ದುವುದು. ಮನೆಗೆ ಹೋದರೂ ಬಾಗಿಲು ತೆರೆಯುವವರಿಲ್ಲವೆಂದು ಅಲ್ಲೇ ಚಾಪೆ ಹಾಸಿದ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತರಿಸಿಕೊಂಡು ತಿಂದ. ಬೆಳಕೂ ಕತ್ತಲೂ ಪರದೆಯ ಆಚೆಗೇ ಉಳಿದವು. ಕಣ್ಣು ಎಳೆದಾಗ ಮಲಗಿದ, ಎಚ್ಚರಾದಾಗ ಎದ್ದ. ವಾರ ಯಾವುದೆಂದು ತಿಳಿಯಬೇಕಾದರೆ ಮಶೀನನ್ನೇ ಕೇಳುತ್ತಿದ್ದ. ಬುಧವಾರ ಎಂದಿತು. ನಾಳೆ ಗಡ್ಡ ಬೋಳಿಸಿಕೊಂಡು, ಅವಳಿಗೆ ಮಲ್ಲಿಗೆ ತಗೊಂಡು, ಎರಡರ ಬಸ್ಸಿಗೇ ಹೊರಡಬೇಕು ಎಂದುಕೊಂಡ.

ಅವನು ಮರೆತದ್ದು ತನ್ನ ಆಫೀಸಿನ ಪದ್ಧತಿಯನ್ನು. ಅದಿರು ಸಾಗಿಸುವ ಪರ್ಮಿಟ್ಟಿಗೆ ಒಂದು ಕೊನೆಯ ದಿನ ಇರುತ್ತದೆ. ಆ ದಿನ ಮುಗಿದರೂ ಲಾರಿಗಳ ಸಾಲು ಮುಗಿಯದಿದ್ದರೆ, ನಮ್ಮ ಮಹಾನುಭಾವರು ಲಾರಿ ನಿಲ್ಲಿಸುತ್ತಿರಲಿಲ್ಲ, ದಿನವನ್ನೇ ನಿಲ್ಲಿಸುತ್ತಿದ್ದರು. ಮಶೀನಿನ ಗಡಿಯಾರವನ್ನು ಒಂದು ದಿನ ಹಿಂದಕ್ಕೆ ಎಳೆದರೆ ಅದು ಮುದ್ರಿಸುವ ಲಾರಿ ಚೀಟಿಗಳೆಲ್ಲ ಹಿಂದಿನ ತಾರೀಖಿನಲ್ಲೇ ಹೊರಬರುತ್ತಿದ್ದವು. ಮೊದಲು ಇದಕ್ಕೆ ಮ್ಯಾನೇಜರ್ ಬಸವಕುಮಾರ್ ಇವನನ್ನೇ ಕರೆಯುತ್ತಿದ್ದರು. ಪದೇ ಪದೇ ಕರೆದು ತಲೆ ತಿನ್ನುತ್ತಾರೆಂದು ಇವನೇ ಅವರಿಗೆ ಅದನ್ನು ಕಲಿಸಿಕೊಟ್ಟಿದ್ದ. ತನ್ನ ಪಾಡಿಗೆ ತನ್ನನ್ನು ಬಿಟ್ಟರೆ ಸಾಕಾಗಿತ್ತು ಅವನಿಗೆ. ಬಿಟ್ಟರು. ಆ ಸಲದ ಪರ್ಮಿಟ್ ಬುಧವಾರಕ್ಕೆ ಮುಗಿಯಿತು. ಗುರುವಾರ ಬೆಳಿಗ್ಗೆ ಬಸವಕುಮಾರ್ ತಮ್ಮ ಟೇಬಲ್ಲಿನಿಂದಲೇ ಗಡಿಯಾರ ಎಳೆದರು. ಒಳಗೆ ಚಾಪೆಯ ಮೇಲೆ ಮಲಗಿದ್ದವನಿಗೆ ಹೇಳಬೇಕೆಂದು ಅವರಿಗೇಕೆ ಹೊಳೆಯುತ್ತದೆ? ರಾಮಾಂಜಿನಿ ಎದ್ದು ಮತ್ತೊಮ್ಮೆ ಬುಧವಾರವನ್ನು ಕಂಡು, ಇನ್ನೂ ಹೊತ್ತಿದೆಯೆಂದು ಖುಷಿಪಟ್ಟ.

ಕೊನೆಗೆ ಒಂದೇ ಒಂದು ತಪ್ಪು ಉಳಿಯಿತು. ಪಕ್ಕದ ಟೇಬಲ್ಲಿನ ಸಣ್ಣ ಕಂಪ್ಯೂಟರಿನಲ್ಲಿ ಆ ಫೈಲನ್ನು ತಿದ್ದಿ, ಮಶೀನಿಗೆ ಕಳಿಸಿ ಕಂಪೈಲ್ ಓಡಿಸಿದ. ತಕ್ಷಣ ಎಚ್ಚರಿಕೆಯ ಸಾಲೊಂದು ಬಂತು: ಈ ಫೈಲಿನ ಸಮಯ ಇನ್ನೂ ಬಂದಿಲ್ಲ. ರಾಮಾಂಜಿನಿಗೆ ನಗು ಬಂತು. ಈಗ ತಿದ್ದಿದ ಫೈಲಿನ ಸಮಯ ಈಗ ಬಾರದೆ ಇನ್ನು ಯಾವಾಗ ಬರುತ್ತದೆ ಎಂದು ಅದರ ತಾರೀಖು ನೋಡಿದ. ಸಣ್ಣ ಕಂಪ್ಯೂಟರು ಅದರ ಮೇಲೆ ಗುರುವಾರ ಸಂಜೆ ಐದು ಎಂದು ಬರೆದಿತ್ತು. ದೊಡ್ಡದು ಇನ್ನೂ ಬುಧವಾರ ಸಂಜೆ ಐದರಲ್ಲಿತ್ತು.

ಹೊರಗೆ ಓಡಿಬಂದು ಗೇಟಿನ ಕಾಳಪ್ಪನನ್ನು ಇವತ್ತು ಯಾವ ವಾರ ಎಂದು ಕೇಳಿದ. ಇಷ್ಟು ಓದಿದವನಿಗೆ ಇದೇನು ಬಂತು ಎಂಬಂತೆ ನೋಡಿ, ಗುರುವಾರ ಎಂದ ಕಾಳಪ್ಪ.

ಕಂಪೈಲ್ ಓಡುತ್ತಲೇ ಇತ್ತು, ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಿದ. ಊರು ದಾಟುವವರೆಗೆ ಬಸ್ಸು ಅದಿರು ಲಾರಿಗಳ ಹಿಂದೆ ತೆವಳಿತು. ಕಂಪ್ಲಿ ಮುಟ್ಟಿದಾಗ ದೀಪ ಹತ್ತಿದ್ದವು. ಬಸ್ ಸ್ಟ್ಯಾಂಡಿನ ಬೆಂಚುಗಳಲ್ಲಿ ಯಾರೂ ಇರಲಿಲ್ಲ. ಇಬ್ಬರನ್ನೂ ಬಲ್ಲ, ಬಾಳೆಹಣ್ಣು ಮಾರುವ ವಿರುಪಮ್ಮ ಅವನ ಮುಖ ನೋಡಿ ತಾನಾಗೇ ಹೇಳಿದಳು.

"ತೊಡಿ ಮ್ಯಾಲ ಬ್ಯಾಗ್ ಇಟ್ಕೊಂಡು ಕುಂತಿದ್ಲಪ್ಪ. ಹೊಸಪ್ಯಾಟಿ ಬಸ್ ಬಂದಾಗೆಲ್ಲ ಎದ್ದು ನಿಂದರತಿದ್ಲು. ಈಗಿನ್ನ ಹೋದ್ಲು ನೋಡು."

ಬ್ಯಾಗು ತಂದಿದ್ದಳೆಂದರೆ ಬರುವುದಕ್ಕೆ ತಯಾರಾಗಿಯೇ ಬಂದಿದ್ದಳು. ಎದುರಿನ ಬೂತಿನಿಂದ ಅವಳ ತವರಿಗೆ ಫೋನ್ ಮಾಡಿದ. ಅವಳೇ ಎತ್ತಿದಳು.

"ಇವತ್ತು ಬುಧವಾರ ಅಂದ್ಕೊಂಡಿದ್ದೆ, ಸುಮಂಗಲಾ."



"ಸುಳ್ಳು ಹೇಳಾದಾದ್ರ ಚೊಲೋದೊಂದು ಹೇಳ್ರಿ," ಎಂದು ಫೋನಿಟ್ಟಳು.

ಅವನು ಬದುಕಿನಲ್ಲಿ ಅದಕ್ಕಿಂತ ನಿಜವಾದ ಮಾತು ಆಡಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಬಂದ. ಕಂಪೈಲ್ ಒಂದೂ ತಪ್ಪಿಲ್ಲದೆ ಮುಗಿದಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಸವಕುಮಾರ್ ವರದಿ ಎಂದಿಗೆ ಸಿಗುತ್ತದೆಂದು ಕೇಳಿದರು, ಅಷ್ಟೇ. ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಹೊಸ ಭಾಷೆಯಲ್ಲಿ ಮಶೀನಿಗೆ ಅವನು ಕೇಳಿದ ಮೊದಲ ಪ್ರಶ್ನೆ, ಇವತ್ತು ಯಾವ ವಾರ, ಗಂಟೆ ಎಷ್ಟು. ಲಾರಿಗಳ ಸಾಲು ಮುಗಿದಿತ್ತು, ಆದರೆ ಗಡಿಯಾರವನ್ನು ಯಾರೂ ಮುಂದಕ್ಕೆ ತಂದಿರಲಿಲ್ಲ. ಗುರುವಾರ, ಮಧ್ಯಾಹ್ನ ಮೂರು ಎಂದಿತು ಮಶೀನು.

ಸರಿಪಡಿಸಲು ಒಂದು ಸಾಲು ಬರೆದರೆ ಸಾಕಿತ್ತು. ರಾಮಾಂಜಿನಿಗೆ ಮನಸ್ಸು ಬರಲಿಲ್ಲ. ಕೈ ಕಟ್ಟಿಕೊಂಡು ಮಶೀನಿನ ಸ್ಕ್ರೀನನ್ನೇ ನೋಡುತ್ತ ಕೂತ. ನಾಲ್ಕಕ್ಕೆ ಇನ್ನೂ ಒಂದು ಗಂಟೆ ಇತ್ತು.