ಆರಿಸಿ ಎಸೆದ ಬಿಳಿ ಕಾಳು

ಹೊಲಿಗೆಯಮ್ಮ ಬಾಗಿಲ ಬೆಳಕಿಗೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಕಣ್ಣು ಅದು. ಅಚ್ಚ ಬಿಳಿಯ ಒಂದು ಕಾಳೂ ತಪ್ಪಿಸಿಕೊಳ್ಳುವಂತಿರಲಿಲ್ಲ; ಕಂಡದ್ದೆಲ್ಲ ಪಕ್ಕದ ಬಟ್ಟಲಿಗೆ. ಎಂಟು ವರ್ಷದ ಮಗಳು ಗುಬ್ಬಿ ಕಿಟಕಿ ಪಕ್ಕದ ಗೋಡೆಗೊರಗಿ ಕೂತಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಅವಳಿಗೆ ಏದುಸಿರು.

"ಅಕ್ಕಾ, ಗುಬ್ಬಿಯ ರಕ್ತಪರೀಕ್ಷೆ ಚೀಟಿ ಬಂತು," ಎನ್ನುತ್ತ ನರ್ಸಮ್ಮ ಒಳಗೆ ಬಂದರು. "ರಕ್ತ ಕಮ್ಮಿ ಇದೆ. ಔಷಧಿ ತಂದಿದೀನಿ. ಅಲ್ಲಾ, ಆ ಬಟ್ಟಲಲ್ಲಿ ಏನದು?"

"ಪ್ಲಾಸ್ಟಿಕ್ ಅಕ್ಕಿ ನರ್ಸಮ್ಮಾ! ಪಡಿತರದ ಅಕ್ಕೀಲಿ ಬೆರೆಸಿಬಿಟ್ಟಿದಾರೆ. ನೀರಿಗೆ ಹಾಕಿದ್ರೆ ತೇಲುತ್ತೆ. ನನ್ನ ಕಣ್ಣಿಗೆ ಮಣ್ಣೆರಚಕ್ಕಾಗುತ್ತಾ? ಒಂದೊಂದೂ ಆರಿಸಿ ಕೋಳಿಗೆ ಹಾಕ್ತೀನಿ. ಈ ಬೀದಿಗೆಲ್ಲ ನಾನೇ ಹೇಳಿಕೊಟ್ಟಿದೀನಿ."

"ಅದಕ್ಕೇ ನಿಮ್ಮ ಕೋಳಿ ಹಂಗೆ ಕೊಬ್ಬಿರೋದು!" ನರ್ಸಮ್ಮ ಹಣೆ ಚಚ್ಚಿಕೊಂಡು ನಕ್ಕರು. "ಅದು ಪ್ಲಾಸ್ಟಿಕ್ ಅಲ್ಲಕ್ಕಾ. ಅಕ್ಕಿಹಿಟ್ಟಿಗೆ ರಕ್ತ ಹೆಚ್ಚಿಸೋ ಕಬ್ಬಿಣದಂಶ, ವಿಟಮಿನ್ ಸೇರಿಸಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸ್ತಾರೆ."

"ಬೆರೆಸೋಕೆ ಅಕ್ಕೀನೇ ಬೇಕಿತ್ತಾ?"

"ಮಾತ್ರೆ ಮರೀತೀವಿ, ಅನ್ನ ಮರೀತೀವಾ? ಹಲ್ಲು ಬರದ ಕೂಸಿಗೂ ಅನ್ನ, ಹಲ್ಲು ಉದುರಿದ ಅಜ್ಜಿಗೂ ಅನ್ನ. ದಿನಾ ಎಲ್ಲರ ತಟ್ಟೆಗೂ ಬರೋದು ಇನ್ನೇನಿದೆ ಹೇಳಿ?"

ಹೊಲಿಗೆಯಮ್ಮ ಮೂಗು ಮುರಿದಳು.

"ನನ್ನ ಮಾತು ಬಿಡಿ, ನಿಮ್ಮ ಬೆರಳನ್ನೇ ಕೇಳಿ," ಎಂದು ನರ್ಸಮ್ಮ ಬಟ್ಟಲಿನ ಕಾಳನ್ನೆಲ್ಲ ಪುಟ್ಟ ಪಾತ್ರೆಗೆ ಸುರಿದು, ನೀರು ಹಾಕಿ ಒಲೆಗಿಟ್ಟರು.

ನೀರು ಕುದಿಯಿತು. ದಿನವೂ ಮಾಡುವಂತೆ ಹೊಲಿಗೆಯಮ್ಮ ಒಂದು ಅಗುಳು ತೆಗೆದು ಎರಡು ಬೆರಳಲ್ಲಿ ಹಿಸುಕಿದಳು. ಬೆಣ್ಣೆಯಂತೆ ನುಣ್ಣಗಾಯಿತು. ಮೂಗಿನ ಹತ್ತಿರ ತಂದಳು. ಅದೇ ಬಿಸಿ ಅನ್ನದ ಘಮ. ಅವಳ ಬೆರಳು ಎಂದೂ ಸುಳ್ಳು ಹೇಳಿರಲಿಲ್ಲ.

"ಅಯ್ಯೋ, ಕಂದನ ತಟ್ಟೆಯಿಂದ ನನ್ನ ಕೈಯಾರೆ ತೆಗೆದೆನಲ್ಲಾ!"

"ಇನ್ನು ಕಲ್ಲು ಮಾತ್ರ ಆರಿಸಿ. ಕಾಳು ತೇಲಿದ್ರೂ ಚೆಲ್ಲಬೇಡಿ. ಅನ್ನವೊಂದೇ ಸಾಲದು, ಸೊಪ್ಪು, ಬೇಳೆಯೂ ಇರಲಿ. ಔಷಧಿ ತಪ್ಪಿಸಬೇಡಿ."

ಹೊಲಿಗೆಯಮ್ಮ ಮೊರದಲ್ಲಿದ್ದ ಬಿಳಿ ಕಾಳುಗಳ ಸಮೇತ ಅಕ್ಕಿಯನ್ನು ಪಾತ್ರೆಗೆ ಹಾಕಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ಆ ಕಾಳನ್ನು ಅಕ್ಕಿಯಲ್ಲೇ ಬಿಡಿ. ಆಗಿನಿಂದ ಕಿಟಕಿಯಾಚೆಗೇ ನೋಡುತ್ತಿದ್ದ ಗುಬ್ಬಿ ಕೊನೆಗೂ ಬಾಯಿಬಿಟ್ಟು ಕೇಳಿದ್ದನ್ನೂ ಕೇಳಿಸಿಕೊಳ್ಳಿ:

"ಅಮ್ಮಾ, ಪಕ್ಕದ್ಮನೆ ಅತ್ತೆ ಈಗ್ಲೂ ಆರಿಸಿ ಎಸೀತಿದಾರೆ. ನೀನೇ ಕಲಿಸಿದ್ದಲ್ವಾ? ಬೇಡ ಅಂತ ಯಾವಾಗ ಹೇಳ್ತೀಯಾ?"